ಬೀಗರ ಹಿತ್ತಲಿನ ನಳ

ಹೊಳಬಸಪ್ಪ ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನುಷ್ಯರನ್ನಲ್ಲ, ಗೋಡೆಯನ್ನು. ಇಳಕಲ್ಲಿನಲ್ಲಿ ಅವನನ್ನು ಬಲ್ಲವರೆಲ್ಲ ಇದನ್ನು ಹೇಳಿಕೊಂಡು ನಗುತ್ತಾರೆ. ಮದುವೆಗೆ ಕರೆದರೆ ಅಕ್ಷತೆಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಹಂದರದ ಕಂಬಕ್ಕೆ ಸುತ್ತಿದ ವೈರನ್ನು ನೋಡುತ್ತ ನಿಂತುಬಿಡುತ್ತಾನೆ. ಸತ್ತವರ ಮನೆಗೆ ಮಾತನಾಡಿಸಲು ಹೋದರೂ ಅಷ್ಟೇ. ದುಃಖದಲ್ಲಿದ್ದವರ ಕೈ ಹಿಡಿದು ಕಣ್ಣೊರೆಸಿಕೊಂಡು, ಹೊರಡುವಾಗ ಮೆಲ್ಲಗೆ, "ಆ ಹೊರಗಿನ ಲೈಟಿನ ಹೋಲ್ಡರ್ ಬದಲಿ ಮಾಡಸ್ರಿ, ಮಳಿಗಾಲ ಬಂತು" ಎಂದು ಹೇಳಿಯೇ ಬರುತ್ತಾನೆ. ಹೆಂಡತಿ ಗುರುಸಿದ್ದವ್ವ ಅವನ ಜೊತೆ ಎಲ್ಲಿಗೂ ಹೋಗಲು ನಾಚಿಕೊಳ್ಳುವಂತಾಗಿದೆ.

ಮನೆಗಳಿಗೆ ವೈರಿಂಗ್ ಮಾಡುವುದು ಅವನ ಕಸುಬು. ಬೇಸಿಗೆಯಲ್ಲಿ ಫ್ಯಾನು ತಿರುಗಲಿಲ್ಲವೆಂದು ಜನ ಬೈದರೆ ಅವನು ತಲೆ ಕೆಡಿಸಿಕೊಳ್ಳುವುದಿಲ್ಲ. ಮಳೆ ಹಿಡಿಯಿತೆಂದರೆ ಮಾತ್ರ ಅವನಿಗೆ ನೆಮ್ಮದಿಯಿಲ್ಲ. ಊರಿನ ಎಷ್ಟು ಹಿತ್ತಲುಗಳಲ್ಲಿ ಎಷ್ಟು ಪೆಟ್ಟಿಗೆಗಳು ನೆನೆಯುತ್ತಿವೆಯೋ ಎಂದು ಚಹಾ ಕುಡಿಯುವಾಗಲೂ ಅದೇ ಚಿಂತೆ. ಹೊರಗಿನ ವೈರಿನ ಜಡ್ಡು ವಿಚಿತ್ರದ್ದು. ಬೆಳಗಿನ ತಂಪಿನಲ್ಲಿ ಇರುತ್ತದೆ, ಬಿಸಿಲು ಬಿದ್ದ ಮೇಲೆ ಇರುವುದಿಲ್ಲ. ಮನೆಯವರು ಗಾಬರಿಯಾಗಿ ಕರೆಯುತ್ತಾರೆ, ಇವನು ಚೀಲ ಹೊತ್ತುಕೊಂಡು ಹೋಗುವ ಹೊತ್ತಿಗೆ ಗೋಡೆ ಒಣಗಿ ಎಲ್ಲವೂ ಸರಿಯಿರುತ್ತದೆ. ಕರೆದವರೇ ತಮ್ಮ ಮಾತಿಗೆ ನಾಚಿಕೊಂಡು, "ಎಲ್ಲೋ ಕೈ ಜುಮ್ ಅಂದಿತ್ತೇನೋ ಬಿಡ್ರಿ" ಎನ್ನುತ್ತಾರೆ. ಆಗ ಹೊಳಬಸಪ್ಪನಿಗೆ ಸಿಟ್ಟು ಬರುತ್ತದೆ. "ಹೊಡದೈತಿ ಅಂದ್ರ ಹೊಡದೈತಿ. ಸುಳ್ಳ ಹೇಳಿ ನಿಮಗೇನ ಬರೂದೈತಿ?" ಎಂದು ಒಂದು ಚೆಂಬು ನೀರು ಇಸಿದುಕೊಂಡು, ಗೋಡೆಗೆ ಚಿಮುಕಿಸಿ, ಹಸಿ ಮಾಡಿಯೇ ನೋಡುತ್ತಾನೆ. ಕರೆಂಟು ಹೊಡೆಯಿತು ಎಂದವರ ಮಾತನ್ನು ಅವನು ಒಮ್ಮೆಯೂ ತೆಗೆದುಹಾಕಿದವನಲ್ಲ.

ಇಂಥವನು ಮಗಳಿಗೆ ಗಂಡು ನೋಡಲು ಹೋದಾಗ ಏನು ನೋಡಿರಬಹುದು? ಶಿರೂರಿನ ಆ ಮನೆಯ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕೂತು, ಎದುರಿಗಿದ್ದ ಮೀಟರ್ ಬೋರ್ಡನ್ನು ನೋಡಿದ. ವೈರುಗಳು ಜಡೆ ಹಾಕಿದ ಹಾಗೆ ಸಾಲಾಗಿ ಇಳಿದಿದ್ದವು, ಒಂದು ಎಳೆಯೂ ಹೊರಗೆ ಇಣುಕಿರಲಿಲ್ಲ. ಯಾರು ಮಾಡಿದ್ದೆಂದು ಕೇಳಿದ. ಹುಡುಗನ ತಾಯಿ ಗುರುಲಿಂಗವ್ವ ಸೆರಗು ಸರಿಮಾಡಿಕೊಂಡು, "ನಮ್ಮ ಮನಿಯವರ ಕೈಕೆಲಸರಿ" ಎಂದಳು. ಗಂಡ ಈರಸಂಗಪ್ಪ ತೀರಿಹೋಗಿ ಆಗಲೇ ಕೆಲವು ವರ್ಷವಾಗಿತ್ತು. ಆತ ಒಕ್ಕಲುತನದವನು, ವೈರಿಂಗನ್ನು ತನ್ನ ಹುಚ್ಚಿಗೆ ಕಲಿತಿದ್ದ. ಹೊಳಬಸಪ್ಪ ಹೊರಗೆ ಬಂದು ಹೆಂಡತಿಯ ಕಿವಿಯಲ್ಲಿ, "ಇಂಥಾ ಬೋರ್ಡ್ ಇಟ್ಟ ಮನಿಯಾಗ ನಮ್ಮ ಮಹೇಶ್ವರಿ ಚೊಲೋ ಇರ್ತಾಳ" ಎಂದ. ಗುರುಸಿದ್ದವ್ವ ಹಣೆ ಬಡಿದುಕೊಂಡಳು. ಆದರೆ ಹುಡುಗ ಅಮರೇಶ ಒಳ್ಳೆಯವನೆಂದು ಅವಳಿಗೂ ಅನಿಸಿತ್ತು, ಮದುವೆ ಆಯಿತು. ಹಿತ್ತಲನ್ನು ಮಾತ್ರ ಹೊಳಬಸಪ್ಪ ನೋಡಲಿಲ್ಲ. ಬೀಗರನ್ನು ಹಿತ್ತಲಿಗೆ ಯಾರು ಕರೆದೊಯ್ಯುತ್ತಾರೆ?

ಆಷಾಢದ ಕೊನೆಯಲ್ಲಿ ಜಿಟಿಜಿಟಿ ಮಳೆ ಹಿಡಿದಿದ್ದಾಗ ಮಹೇಶ್ವರಿ ಫೋನು ಮಾಡಿದಳು. ಅಪ್ಪನಿಗೇ ಮಾಡಿದ್ದಳು, ಅವ್ವನಿಗಲ್ಲ. ದನಿ ಸಣ್ಣದಾಗಿತ್ತು.

"ಅಪ್ಪಾ, ಹಿತ್ತಲದಾಗಿನ ಮೋಟಾರಿನ ನಳ ಮುಟ್ಟಿದರ ಕೈ ಜುಮ್ ಅಂತೈತಿ. ಮುಂಜಾನಿ ನೀರು ಹಿಡಿಯೂ ಮುಂದ ಅಷ್ಟ. ನಿನ್ನೆ ಮೊಣಕೈ ತನಕ ಏರಿತು, ಕೊಡ ಕೈ ಬಿಟ್ಟೆ."

ಹೊಳಬಸಪ್ಪ ತಟ್ಟನೆ ಕೇಳಿದ. "ಮತ್ತ್ಯಾರಿಗರ ಹೊಡದೈತೇನು?"

"ಯಾರಿಗೂ ಇಲ್ಲ. ಅತ್ತಿ ಮುಂದ ಹೇಳಿದೆ. ಅವರು ಬಂದು ನಳ ಹಿಡದು ತೋರಿಸಿದರು, ಏನೂ ಆಗಲಿಲ್ಲ. ನಿಮ್ಮ ಮಾವ ಮಾಡಿದ ಕೆಲಸದಾಗ ಐಬು ಹುಡುಕತೀ? ನೀರು ತರಾಕ ಬ್ಯಾಸರಾದರ ಬ್ಯಾಸರಂತ ಹೇಳು, ಸುಳ್ಳ ಯಾಕ ಹೇಳ್ತಿ ಅಂದರು." ಮಹೇಶ್ವರಿ ದನಿ ಇನ್ನಷ್ಟು ಇಳಿಸಿದಳು. "ಅಪ್ಪಾ, ನಾ ಸುಳ್ಳ ಹೇಳಾಕತ್ತಿಲ್ಲ."

"ನನಗ ಗೊತ್ತೈತೆವ್ವ. ನೀ ನೀರಿಗೆ ಹೋಗೂ ಮುಂದ ಕಾಲಾಗ ಏನ ಇರ್ತೈತಿ?"

"ಏನೂ ಇಲ್ಲ. ನೀರಂದ್ರ ಗಂಗವ್ವ, ಈ ಮನಿಯಾಗ ಹೊಸಾ ಸೊಸಿ ವರ್ಷ ತುಂಬೂತನಾ ಆಕಿ ಹತ್ತರ ಚಪ್ಪಲಿ ಮೆಟ್ಟಂಗಿಲ್ಲ."

"ನಿಮ್ಮತ್ತಿ?"

"ಅವರಿಗೆ ಹಿಮ್ಮಡ ನೋವು. ಡಾಕ್ಟರು ರಬ್ಬರಿನ ಚಪ್ಪಲಿ ಬಿಡಬ್ಯಾಡಂದಾರ. ನಿಮ್ಮ ಅಳಿಯನೂ ಚಪ್ಪಲಿ ಮೆಟಗೊಂಡ ಹಿತ್ತಲಕ್ಕ ಬರ್ತಾರ."

ಹೊಳಬಸಪ್ಪನಿಗೆ ಫೋನಿನಲ್ಲೇ ಎಲ್ಲ ತಿಳಿದುಹೋಯಿತು. ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುವವಳು ಆ ಮನೆಯಲ್ಲಿ ತನ್ನ ಮಗಳೊಬ್ಬಳೇ. ಅತ್ತೆಗೂ ಗಂಡನಿಗೂ ಕಾಲಲ್ಲಿ ರಬ್ಬರಿದೆ, ಅವರಿಗೆ ಏನೂ ಆಗುವುದಿಲ್ಲ. ಇಂದು ಜುಮ್ ಎಂದದ್ದು ನಾಳೆ ಜೋರು ಮಳೆಗೆ ಹಿಡಿದೇ ಬಿಡಬಹುದು. "ನಾ ಬರೂತನಾ ಆ ನಳ ಮುಟ್ಟಬ್ಯಾಡ. ಏನರ ನೆವಾ ಹೇಳು" ಎಂದ.

"ಅಪ್ಪಾ, ನಾ ಫೋನ್ ಮಾಡಿದ್ದು ಅವರಿಗೆ ತಿಳೀಬಾರದು. ತವರಿಗೆ ಚಾಡಿ ಹೇಳಿದಳು ಅಂತಾರ. ನೀ ಜಗಳಾ ಮಾಡಬ್ಯಾಡ."

ಜಗಳ ಮಾಡುವುದು ಸುಲಭವಿತ್ತು. ಬೇರೆ ಯಾರದೇ ಮನೆಯಾಗಿದ್ದರೆ ಹೊಳಬಸಪ್ಪ ಅರ್ಧ ತಾಸಿನಲ್ಲಿ ಪೆಟ್ಟಿಗೆ ಬಿಚ್ಚಿ, ಮನೆಯವರನ್ನು ನಾಲ್ಕು ಮಾತು ಬೈದು, ಚಹಾ ಕುಡಿದು ಬರುತ್ತಿದ್ದ. ಆದರೆ ಇದು ಬೀಗರ ಮನೆ. ನಮ್ಮ ಕಡೆ ಹೆಣ್ಣಿನ ತಂದೆ ಬೀಗರ ಮನೆಯಲ್ಲಿ ಜಮಖಾನೆಯ ಮೇಲೆ ಕೂರಬೇಕು, ಹೋಳಿಗೆ ಉಣ್ಣಬೇಕು, ಬೇಡ ಬೇಡವೆಂದರೂ ತಾಟಿಗೆ ಬೀಳುವ ತುಪ್ಪ ತಿನ್ನಬೇಕು. ಅಲ್ಲಿ ಒಂದು ಕಡ್ಡಿ ಎತ್ತಿಟ್ಟರೂ ಆ ಮನೆಯವರಿಗೆ ಅವಮಾನ. ಇನ್ನು ಇಕ್ಕಳ ಹಿಡಿದು ನಿಚ್ಚಣಿಕೆ ಏರಿದರೆ ಓಣಿಯಲ್ಲಿ ಮಾತಾಗುತ್ತದೆ, ಆ ಮಾತು ಸುತ್ತಿ ಸುತ್ತಿ ಮಗಳ ತಲೆಗೇ ಬರುತ್ತದೆ. ಅದೂ ಕಟ್ಟಿಕೊಂಡವಳು ದೇವರ ಹಾಗೆ ಕಾಪಾಡಿಕೊಂಡು ಬಂದ ಗಂಡನ ಕೈಕೆಲಸವನ್ನು ಬಿಚ್ಚುವುದೆಂದರೆ! ಎಲ್ಲ ತಿಳಿದೂ ಏನೂ ಮಾಡಲು ಬಾರದ ಹೊಳಬಸಪ್ಪ ಅಂದು ಊಟ ಸೇರದೆ ಎದ್ದ.

ಪುಣ್ಯಕ್ಕೆ ನಾಗರಪಂಚಮಿ ಹತ್ತಿರವಿತ್ತು. ಮದುವೆಯಾದ ಮೊದಲ ಪಂಚಮಿಗೆ ಹೆಣ್ಣುಮಗಳನ್ನು ತವರಿಗೆ ಕರೆತರಲೇಬೇಕು. ಅಣ್ಣತಮ್ಮಂದಿರಿಲ್ಲದ ಹುಡುಗಿಗೆ ಅಪ್ಪನೇ ಹೋಗಬೇಕು, ಯಾರೂ ಏನೂ ಅನ್ನುವಂತಿಲ್ಲ. ಹೊಳಬಸಪ್ಪ ಹಬ್ಬಕ್ಕೆ ಇನ್ನೂ ಸಾಕಷ್ಟು ದಿನವಿರುವಾಗಲೇ ಹೊರಟ. ಗುರುಸಿದ್ದವ್ವ, "ಇಷ್ಟ ಲಗೂನ ಯಾರ ಹೋಗ್ತಾರ?" ಎಂದಳು. "ಮಗಳ ನೆನಪಾಗೇತಿ" ಎಂದ. ಸುಳ್ಳೇನೂ ಅಲ್ಲ. ಹುನಗುಂದದ ಮೇಲೆ ಹೋಗುವ ಬಸ್ಸು ಹಿಡಿದು, ಅಮೀನಗಡದಲ್ಲಿ ಇಳಿದು ಕರದಂಟು ಕೊಂಡು, ಸಂಜೆಗೆ ಶಿರೂರು ಮುಟ್ಟಿದ. ಅಂಗಿಯ ಜೇಬಿನಲ್ಲಿ ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜಾಗದಲ್ಲಿ ಟೆಸ್ಟರ್ ಇತ್ತು. ಅದನ್ನು ಬಿಟ್ಟು ಬರಲು ಅವನಿಂದ ಆಗಲಿಲ್ಲ.

ಗುರುಲಿಂಗವ್ವ ಕೆಟ್ಟ ಹೆಂಗಸಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ನಾಲಗೆ ಖಾರ, ಕೈ ದೊಡ್ಡದು. ಬೀಗರು ಬಂದರೆಂದು ಸಜ್ಜಕದ ಹೋಳಿಗೆ ಮಾಡಿ, ಬಡಿಸಿ ಬಡಿಸಿ ಅವನನ್ನು ಏಳಲಾಗದಂತೆ ಮಾಡಿದಳು. ಮಹೇಶ್ವರಿ ಅಡುಗೆಮನೆಯ ಬಾಗಿಲಿನಿಂದ ಅಪ್ಪನನ್ನು ನೋಡಿ ಕಣ್ಣಲ್ಲೇ ಬೇಡಿಕೊಂಡಳು. ಹೊಳಬಸಪ್ಪ ಮಳೆ, ಬೆಳೆ, ಅಮರೇಶ ಕೆಲಸ ಮಾಡುವ ಬಾಗಲಕೋಟೆಯ ಬೀಜದ ಅಂಗಡಿ, ಎಲ್ಲದರ ಮಾತಾಡಿದ. ನಳದ ಮಾತು ಆಡಲಿಲ್ಲ. ಮಲಗುವ ಮುಂಚೆ ಅಳಿಯನನ್ನು ಮಾತ್ರ ಹಗುರವಾಗಿ ಕೇಳಿದ. "ಹಿತ್ತಲದಾಗಿನ ಮೋಟಾರಿನ ಪೆಟ್ಟಿಗಿ ಯಾವಾಗರ ಬಿಚ್ಚಿ ನೋಡೀರೇನು?" ಅಮರೇಶ ತಾಯಿಯ ಕೋಣೆಯ ಕಡೆ ನೋಡಿ ದನಿ ಇಳಿಸಿದ. "ಅವ್ವ ಮುಟ್ಟಗೊಡಂಗಿಲ್ಲರಿ. ಅಪ್ಪ ಕಡೀಕ ಮಾಡಿದ ಕೆಲಸ ಅದ. ನಿಮ್ಮ ಮಗಳು ಹೇಳಿದ್ದು ನನಗೂ ಖರೆ ಅನಸತೈತಿ. ಖರೆ ಅಂತ ಅವ್ವಗ ಹ್ಯಾಂಗ ಹೇಳೂದು?" ಹೊಳಬಸಪ್ಪನಿಗೆ ಅಳಿಯನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು.

ಬೆಳಿಗ್ಗೆ ತುಂತುರು ಹಿಡಿದಿತ್ತು. ಇಂಥ ಮಳೆಯೇ ಬೇಕಿತ್ತು ಅವನಿಗೆ. ಗುರುಲಿಂಗವ್ವ ಬೀಗರ ಮುಖಕ್ಕೆಂದು ತಂಬಿಗೆಯಲ್ಲಿ ಬಿಸಿನೀರು ತಂದಿಟ್ಟಳು.

"ಬ್ಯಾಡ್ರಿ ಅಕ್ಕಾರ, ನಳದಾಗ ತೊಳಕೋತೇನಿ. ನನಗ ತಣ್ಣೀರ ರೂಢಿ."

"ಬೀಗರು ಹಿತ್ತಲಕ್ಕ ಹೋಗಿ ನಳದಾಗ ಮಾರಿ ತೊಳಕೊಂಡರ ನಮ್ಮ ಮನಿ ಮರ್ಯಾದಿ ಏನ ಉಳೀತು? ತಗೋರಿ ತಂಬಗಿ."

ಅವಳು ತಂಬಿಗೆ ಮುಂದೆ ಮಾಡುತ್ತಾಳೆ, ಇವನು ಹಿಂದೆ ಸರಿಯುತ್ತಾನೆ. ಹೀಗೆ ಸರಿಯುತ್ತ ಸರಿಯುತ್ತ ಹೊಳಬಸಪ್ಪ ಹಿತ್ತಲ ಬಾಗಿಲು ದಾಟಿಬಿಟ್ಟ. ಚಪ್ಪಲಿ ಮುಂಬಾಗಿಲಲ್ಲೇ ಉಳಿದಿದ್ದವು. ಗೋಡೆಯ ಮೇಲೆ ತಗಡಿನ ಪೆಟ್ಟಿಗೆ ಕಂಡಿತು. ಅದಕ್ಕೆ ದಪ್ಪ ಪ್ಲಾಸ್ಟಿಕ್ ಚೀಲ ಹೊದಿಸಿ ಸುತ್ತಲೂ ಸುತಳಿಯಿಂದ ಬಿಗಿದು ಕಟ್ಟಿತ್ತು. ಪೆಟ್ಟಿಗೆ ಕೂರಿಸಿದ್ದ ಕಬ್ಬಿಣದ ಪಟ್ಟಿಯ ಆಸರೆಗೇ ನೀರಿನ ಪೈಪು, ಪೈಪಿನ ತುದಿಗೆ ನಳ, ಕೆಳಗೆ ನೀರು ನಿಂತ ಹಾಸುಗಲ್ಲು. ಚೀಲದ ಒಳಮೈಗೆ ಬೆವರು ಹನಿಗಟ್ಟಿತ್ತು. ಅವನು ಜೇಬಿನಿಂದ ಟೆಸ್ಟರ್ ತೆಗೆದು ನಳಕ್ಕೆ ತಾಗಿಸಿದ. ಅದರ ದೀಪ ಕೆಂಪಗೆ ಹೊತ್ತಿಕೊಂಡಿತು. ಅಷ್ಟರಲ್ಲಿ ಬೆನ್ನ ಹಿಂದೆ ಕೊಡದ ಸದ್ದಾಯಿತು. ಇಷ್ಟು ದಿನ ಜ್ವರ, ಕೈನೋವು ಎಂದು ನೆವ ಹೇಳಿ ಹೇಳಿ ನೆವಗಳು ಮುಗಿದುಹೋಗಿದ್ದ ಮಹೇಶ್ವರಿ ಬರಿಗಾಲಲ್ಲಿ ಕಲ್ಲಿನ ಮೇಲೆ ಕಾಲಿಟ್ಟು ನಳಕ್ಕೆ ಕೈಚಾಚಿದ್ದಳು.

"ಮುಟ್ಟಬ್ಯಾಡ!"

ಅವನು ಹಾಗೆ ಕಿರುಚಿದ್ದನ್ನು ಮಗಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕೊಡ ಉರುಳಿತು. ಗುರುಲಿಂಗವ್ವ ತಂಬಿಗೆ ಹಿಡಿದವಳು ಹಾಗೇ ನಿಂತಳು. ಅವನ ಕೈಯಲ್ಲಿದ್ದ ಟೆಸ್ಟರ್ ನೋಡಿದಳು, ಸೊಸೆಯ ಮುಖ ನೋಡಿದಳು, ಅವಳಿಗೆ ಎಲ್ಲ ಅರ್ಥವಾಯಿತು.

"ಹಿಂಗೇನ್ರಿ ಸಮಾಚಾರ. ಪಂಚಮಿಗೆ ಕರಿಯಾಕ ಬಂದಿಲ್ಲ ನೀವು. ಮಗಳು ಚಾಡಿ ಹೇಳಿದಳು, ಅಪ್ಪ ಝಡತಿ ಮಾಡಿ ತಪ್ಪ ಹುಡುಕಾಕ ಬಂದ." ತಂಬಿಗೆಯನ್ನು ಕಟ್ಟೆಯ ಮೇಲೆ ಕುಕ್ಕಿ, ಸರಸರನೆ ಹೋಗಿ ನಳವನ್ನು ಮುಷ್ಟಿಯಲ್ಲಿ ಹಿಡಿದಳು. "ನೋಡ್ರಿ. ಏನಾತು? ನನ್ನ ಗಂಡ ಮಾಡಿದ ಕೆಲಸಕ್ಕ ನನಗ ಹೊಡಿಯಂಗಿಲ್ಲ, ನಿಮ್ಮ ಮಗಳಿಗೆ ಹೊಡಿತೈತಿ?"

ಮಹೇಶ್ವರಿ ತಲೆ ತಗ್ಗಿಸಿದಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು. ಹೊಳಬಸಪ್ಪ ಬೈಯಬೇಕೆಂದು ಬಾಯಿಗೆ ಬಂದದ್ದನ್ನೆಲ್ಲ ನುಂಗಿ ಒಂದೇ ಮಾತು ಹೇಳಿದ.

"ಅಕ್ಕಾರ, ನಿಮ್ಮ ಕಾಲಾಗ ಚಪ್ಪಲಿ ಅದಾವ. ಆಕಿ ಕಾಲಾಗ ಇಲ್ಲ."

ಗುರುಲಿಂಗವ್ವ ತನ್ನ ಕಾಲು ನೋಡಿಕೊಂಡಳು. ಆಮೇಲೆ ಸೊಸೆಯ ಕಾಲು ನೋಡಿದಳು, ಒದ್ದೆ ಕಲ್ಲಿನ ಮೇಲೆ ಬೆರಳು ಮಡಚಿಕೊಂಡು ನಿಂತ ಬರಿಗಾಲು. ನಳದ ಮೇಲಿನ ಮುಷ್ಟಿ ಸಡಿಲಾಯಿತು. ಅವಳು ಮೊಂಡಿ, ಆದರೆ ಮೋಸಗಾತಿಯಲ್ಲ. "ಹಂಗಾರ ನಾನೂ ನೋಡೇಬಿಡ್ತೇನಿ" ಎಂದವಳೇ ಒಂದು ಚಪ್ಪಲಿಯನ್ನು ಕಾಲಿನಿಂದ ಜಾಡಿಸಿದಳು.

ಬೀಗತನ, ಮರ್ಯಾದೆ ಎಲ್ಲ ಆ ಕ್ಷಣಕ್ಕೆ ಹಾರಿಹೋಯಿತು. ಹೊಳಬಸಪ್ಪ ಪಂಚೆ ಎತ್ತಿ ಹಿಡಿದು ಅಡುಗೆಮನೆ ದಾಟಿ ಪಡಸಾಲೆಗೆ ಓಡಿ, ತಾನು ಮೆಚ್ಚಿಕೊಂಡಿದ್ದ ಆ ಬೋರ್ಡಿನ ಮೇನ್ ಸ್ವಿಚ್ಚನ್ನು ಎಳೆದ. ಮನೆಯ ದೀಪಗಳೆಲ್ಲ ಆರಿದವು. ಹಿತ್ತಲಿಗೆ ಮರಳಿ ಬಂದು ನೋಡಿದರೆ, ಸೊಸೆ ಅತ್ತೆಯ ಎರಡೂ ಕೈಗಳನ್ನು ಹಿಂದಿನಿಂದ ಬಿಗಿಯಾಗಿ ಹಿಡಿದು ನಿಲ್ಲಿಸಿಕೊಂಡಿದ್ದಳು. "ಬ್ಯಾಡ್ರಿ ಅತ್ತಿ, ಬ್ಯಾಡ್ರಿ, ನಂದ ಸುಳ್ಳ ಅನ್ರಿ, ಮುಟ್ಟಬ್ಯಾಡ್ರಿ" ಎಂದು ಅಳುತ್ತಿದ್ದಳು. ಗುರುಲಿಂಗವ್ವ ಒಂದು ಕಾಲಲ್ಲಿ ಚಪ್ಪಲಿ, ಒಂದು ಬರಿಗಾಲು, ಹಾಗೇ ನಿಂತಿದ್ದಳು. ಸೊಸೆಯ ಕೈ ಬಿಡಿಸಿಕೊಳ್ಳಲೂ ಇಲ್ಲ.

ಕೊನೆಗೆ ಗುರುಲಿಂಗವ್ವನೇ ಬೀಗರನ್ನು ಕೇಳಿದಳು. "ಬಿಚ್ಚಿ ನೋಡಬೇಕೇನ್ರಿ ಅದನ್ನ?"

"ನೋಡಬೇಕ್ರಿ."

"ನೀವು ಮುಟ್ಟಬ್ಯಾಡ್ರಿ ಮತ್ತ. ಬೀಗರ ಕೈಲೆ ಕೆಲಸ ಮಾಡಿಸಿಕೊಂಡರು ಅಂತ ಓಣಿ ತುಂಬ ಆಡಿಕೋತಾರ."

ಇಷ್ಟಾದ ಮೇಲೂ ಅದೊಂದನ್ನು ಅವಳು ಬಿಡಲಿಲ್ಲ. ಹೊಳಬಸಪ್ಪ ಬಾಗಲಕೋಟೆಯ ಅಮೀನಸಾಬನಿಗೆ ಫೋನು ಮಾಡಿದ. ಇಬ್ಬರೂ ಹುನಗುಂದದಲ್ಲಿ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕಸುಬು ಕಲಿತವರು. ಅಮೀನಸಾಬ ಬೈಕಿನ ಮೇಲೆ ಬಂದಾಗ ಕಂಡ ನೋಟವನ್ನು ಈಗಲೂ ಹೇಳಿಕೊಂಡು ನಗುತ್ತಾನೆ. ಬೀಗರಿಗೆಂದು ಹಿತ್ತಲಿನಲ್ಲಿ ಕುರ್ಚಿ ಹಾಕಿ, ಹೆಗಲಿಗೆ ಶಾಲು ಹೊದಿಸಿ, ಕೈಯಲ್ಲಿ ಉಪ್ಪಿಟ್ಟಿನ ತಾಟು ಕೊಟ್ಟು ಕೂರಿಸಿದ್ದರು. ಅಳಿಯ ಅಂಗಡಿಗೆ ಹೋಗದೆ ಮಾವನಿಗೆ ಛತ್ರಿ ಹಿಡಿದು ನಿಂತಿದ್ದ.

"ಏನಲೇ ಹೊಳ್ಯಾ, ಮದಿಮಗ ಆಗೀಯಲ್ಲೋ!"

"ಬಾಯಿ ಮುಚ್ಚಿಕೊಂಡು ಚೀಲ ಬಿಚ್ಚಲೇ. ಮೇನ್ ತಗದೇನಿ, ಆದರೂ ಟೆಸ್ಟರ್ ಹಚ್ಚಿ ನೋಡು."

ಅಮೀನಸಾಬ ಸುತಳಿ ಕತ್ತರಿಸಿ ಚೀಲ ಸರಿಸಿ ಮುಚ್ಚಳ ತೆಗೆದ. ಪೆಟ್ಟಿಗೆಯಿಂದ ನೀರು ದಳದಳ ಸುರಿಯಿತು. ಒಳಗೆ ವೈರಿನ ಜೋಡಣೆ ನೀರಿನಲ್ಲಿ ನೆಂದು ಹಸಿರುಗಟ್ಟಿತ್ತು, ಸುತ್ತಿದ ಟೇಪು ಬಿಟ್ಟುಕೊಂಡಿತ್ತು. ಆ ನೀರಿನಿಂದ ಕರೆಂಟು ತಗಡಿಗೆ, ತಗಡಿನಿಂದ ಪಟ್ಟಿಗೆ, ಪಟ್ಟಿಯಿಂದ ಪೈಪಿಗೆ ನಡೆದು ಬಂದಿತ್ತು. ಗುರುಲಿಂಗವ್ವನ ಮುಖ ಬಿಳಿಚಿಕೊಂಡಿತು.

"ಅವರ ಕೆಲಸದಾಗ ಐಬು ಇತ್ತೇನ್ರಿ?"

ಹೊಳಬಸಪ್ಪ ತಾಟು ಕೆಳಗಿಟ್ಟು ಕುರ್ಚಿಯಿಂದಲೇ ಬಾಗಿ ನೋಡಿದ. ಪೆಟ್ಟಿಗೆಯ ತಳದಲ್ಲಿ ಒಂದು ಸಣ್ಣ ತೂತು ಕೊರೆದದ್ದಿತ್ತು. ತೂತಿನ ತುಂಬ ಎಂಸೀಲ್ ಎಂಬ ಗಟ್ಟಿ ಅಂಟು ಮೆತ್ತಿತ್ತು. ತಾನೆಂದೂ ಕಾಣದ ಆ ಮನುಷ್ಯನ ಮೇಲೆ ಅವನಿಗೆ ಅಕ್ಕರೆ ಉಕ್ಕಿತು.

"ಐಬೇನೂ ಇಲ್ಲರಿ. ತಳಕ ತೂತ ಹೊಡದಾರ, ನೋಡ್ರಿ. ಎಂಥಾ ಪೆಟ್ಟಿಗಿ ಇದ್ದರೂ ಮಳಿಗಾಲದಾಗ ಒಳಗ ಬೆವರತೈತಿ. ಬಂದ ನೀರು ಇಳದು ಹೋಗಲಿ ಅಂತ ಬಿಟ್ಟ ತೂತದು. ಕಲಿತವರ ಕೆಲಸ."

ಗುರುಲಿಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅದನ್ನ ನಾನ ಮುಚ್ಚೇನ್ರಿ" ಎಂದಳು. "ಅವರು ತೀರಿಕೊಂಡ ವರ್ಷ ಕಣಜದ ಹುಳ ಆ ತೂತಿನ್ಯಾಗ ಹೋಗಿ ಬಂದು ಮಾಡತಿದ್ದವು. ಅವರ ಕೆಲಸ ಹಾಳಾಗ್ತೈತಿ ಅಂತ ಎಂಸೀಲ್ ತಂದು ಮೆತ್ತಿದೆ. ಮಳಿ ಹತ್ತಬಾರದಂತ ಚೀಲಾನೂ ಕಟ್ಟಿದೆ. ವರ್ಷಾ ಹೊಸಾ ಚೀಲ ಕಟ್ಟತಿದ್ದೆ." ಸೊಸೆಯ ಕಡೆ ತಿರುಗಿದಳು. "ಈ ಹುಡುಗಿ ಸತ್ತಿದ್ದರ ನಾ ಏನ ಮಾಡತಿದ್ದೆರಿ?"

ಹೊಳಬಸಪ್ಪ, "ಇಳಕಲ್ಲದಾಗ ಅರ್ಧ ಊರು ಹಿಂಗ ಚೀಲ ಕಟ್ಟೇತ್ರಿ ಅಕ್ಕಾರ. ಜ್ವಾಪಾನ ಮಾಡಾಕ ಹೋಗಿನ ಕಟ್ಟಿರತಾರ, ಯಾರೂ ಕೆಟ್ಟದ್ದಕ್ಕ ಕಟ್ಟಿರಂಗಿಲ್ಲ" ಎಂದ. ಅದು ಸಮಾಧಾನದ ಮಾತೂ ಹೌದು, ನಿಜವೂ ಹೌದು.

ಆಮೇಲೆ ಕೆಲಸ ನಡೆಯಿತು. ಅಮೀನಸಾಬ ತಗಡಿನ ಪೆಟ್ಟಿಗೆ ತೆಗೆದು ಪ್ಲಾಸ್ಟಿಕ್ಕಿನದನ್ನು ಪೈಪಿನಿಂದ ದೂರ ಕೂರಿಸಿದ. ವೈರನ್ನು ತಳದಿಂದ ಒಳಗೆ ತಂದ, ಅದರ ಮೇಲೆ ಹರಿದು ಬಂದ ಮಳೆನೀರು ಕೆಳಗೇ ತೊಟ್ಟಿಕ್ಕಲೆಂದು ಹೊರಗೆ ಒಂದು ಬಾಗು ಬಿಟ್ಟ. ತಳಕ್ಕೆ ತೂತು ಕೊರೆದು, ಹುಳ ಹೋಗದಂತೆ ಸಣ್ಣ ಜಾಳಿಗೆ ಹಚ್ಚಿದ. ಸೋರಿದ ಕರೆಂಟು ನೆಲಕ್ಕಿಳಿಯಲೆಂದು ಅಮರೇಶ ಅರ್ಥಿಂಗಿಗೆ ಕುಣಿ ತೋಡಿ ಇದ್ದಲಿ, ಉಪ್ಪು ತುಂಬಿದ. ಮೀಟರಿನ ಪಕ್ಕದಲ್ಲಿ, ಕರೆಂಟು ಎಲ್ಲಾದರೂ ಸೋರಿದರೆ ತಾನೇ ಬೀಳುವ ಸ್ವಿಚ್ಚು ಬಂತು. ಹೊಳಬಸಪ್ಪ ಕುರ್ಚಿಯಲ್ಲಿ ಕೂತು ಬೆರಳು ತೋರಿಸುತ್ತ, ಒದ್ದಾಡುತ್ತ, ಮೂರು ಸಲ ಏಳಲು ಹೋಗಿ ಮೂರು ಸಲವೂ ಬೀಗತಿಯ ಕಣ್ಣಿಗೆ ಬಿದ್ದು ಕೂತ. ಹಳೆಯ ತಗಡಿನ ಪೆಟ್ಟಿಗೆಯನ್ನು ಗುರುಲಿಂಗವ್ವ ಒರೆಸಿ ಒಳಗೆ ಒಯ್ದಳು.

ಮರುದಿನ ಅಪ್ಪ ಮಗಳು ಹೊರಟರು. ಉಡಿ ತುಂಬುವಾಗ ಗುರುಲಿಂಗವ್ವ ಸೊಸೆಯ ಮುಖ ನೋಡಲಿಲ್ಲ. "ಪಂಚಮಿ ಮುಗದ ಕೂಡಲೆ ಕಳಸ್ರಿ" ಎಂದಷ್ಟೇ ಬೀಗರಿಗೆ ಹೇಳಿದಳು. ಬಸ್ಸಿನಲ್ಲಿ ಹೊಳಬಸಪ್ಪನಿಗೆ ಅದೇ ಕೊರೆಯುತ್ತಿತ್ತು. ವೈರಿನದೇನೋ ಸರಿಯಾಯಿತು, ಆದರೆ ಒಮ್ಮೆ ಸುಳ್ಳಿ ಅನಿಸಿಕೊಂಡ ಹುಡುಗಿ ಆ ಮನೆಯಲ್ಲಿ ಹೇಗೆ ಬಾಳುತ್ತಾಳೆ? ಅದಕ್ಕೆ ಅವನ ಚೀಲದಲ್ಲಿ ಯಾವ ಸಾಮಾನೂ ಇರಲಿಲ್ಲ.

ಪಂಚಮಿ ಮುಗಿಯಿತು, ಉಂಡಿ ತಿಂದು ಜೋಕಾಲಿ ಆಡಿ ಮಹೇಶ್ವರಿ ಗಂಡನ ಮನೆಗೆ ಹೋದಳು. ಆ ವಾರ ಇಳಕಲ್ಲಿನಲ್ಲೂ ಜೋರು ಮಳೆ. ಬೆಳಿಗ್ಗೆ ಹೊಳಬಸಪ್ಪ ತಡೆಯಲಾರದೆ ತಾನೇ ಫೋನು ಮಾಡಿದ.

"ನಳ ಹ್ಯಾಂಗೈತೆವ್ವ?"

"ಚೊಲೋ ಐತೆಪ್ಪ. ಹಿತ್ತಲ ಬಾಗಿಲದಾಗ ಈಗ ಎರಡ ಜೋಡಿ ಚಪ್ಪಲಿ ಅದಾವ. ನಂದು ಅತ್ತೀನ ಸಂತ್ಯಾಗಿಂದ ತಂದಿಟ್ಟಾರ. ಮೆಟಗೊಂಡ ಹೋಗು, ಗಂಗವ್ವಗ ನಾ ಹೇಳ್ಕೋತೇನಿ ಅಂದರು."

ಹೊಳಬಸಪ್ಪ ನಕ್ಕ. "ಶಾಣೇ ಆದರು ಬಿಡು."

"ಎಲ್ಲಿ ಶಾಣೇ ಆದರು ಅಪ್ಪಾ. ದಿನಾ ಮುಂಜಾನಿ ನಾ ಕೊಡಾ ತಗೊಂಡರ ತಡಿ ಅಂತಾರ. ತಮ್ಮ ಚಪ್ಪಲಿ ಬಿಟ್ಟು, ಬರಿಗಾಲಿಲೆ ಆ ಹಸಿ ಕಲ್ಲಿನ ಮ್ಯಾಲ ನಿಂತು, ಮೊದಲ ತಾವು ನಳ ಮುಟ್ಟಿ ನೋಡತಾರ. ಆಮ್ಯಾಲ ನನಗ ಬಾ ಅಂತಾರ."

ಹಾಗೆ ಕೈಯಿಂದ ಮುಟ್ಟಿ ನೋಡುವುದು ಎಂಥ ಹುಚ್ಚುತನ, ಅದಕ್ಕೆಂದೇ ಸ್ವಿಚ್ಚು ಹಾಕಿಸಿಲ್ಲವೇ ಎಂದು ಅವನು ಗದರಲು ಬಾಯಿ ತೆರೆದ. ಊರೆಲ್ಲ ಅದನ್ನೇ ಬೈದುಕೊಂಡು ತಿರುಗುವ ಮನುಷ್ಯ. ಆದರೆ ಅಂದು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ.

"ಅಪ್ಪಾ? ಕೇಳಸಾಕತ್ತೈತೇನು?"

"ಕೇಳತೈತೆವ್ವ" ಎಂದು ಹೊಳಬಸಪ್ಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ಅವರ ಹಿಮ್ಮಡಕ್ಕ ತಂಪು ಚೊಲೋ ಅಲ್ಲ. ನೀ ಅವರ ಚಪ್ಪಲಿ ಹಿಡಕೊಂಡು ಬಾಜೂಕ ನಿಂದರು. ಕಲ್ಲ ಮ್ಯಾಲಿಂದ ಇಳದ ಕೂಡಲೆ ಮೆಟಸು."